ಅಥಣಿಯ ಕಾಲ್ಮರಿ ಮತ್ತು ಬಿಟ್ಟಿ ಹೊಲಿಗೆ

ಹಾರೂಗೇರಿಯ ನಮ್ಮ ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಅಜ್ಜನ ಕಾಲ್ಮರಿ ಸಿಕ್ಕವು. ಒಂದೊಂದೂ ಕೈಯಲ್ಲಿ ಹಿಡಿದರೆ ಕಬ್ಬಿಣದ ಕುಡದಷ್ಟು ತೂಕ. 1978ರಲ್ಲಿ ಕೃಷ್ಣಾ ದಾಟಿ ಅಥಣಿಗೆ ಹೋಗಿ ಕೊಂಡದ್ದು ಎಂದು ಅಪ್ಪ ಹೇಳಿದರು. ಅದೇ ವರ್ಷ ನಮ್ಮ ಅತ್ತೆಯ ಮದುವೆಯಾದದ್ದರಿಂದ ಇಸವಿ ತಪ್ಪಲಿಕ್ಕಿಲ್ಲ. ಅಜ್ಜ 1996ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಹೊಲ, ಸಂತೆ, ಜಾತ್ರೆ, ಬೀಗರ ಮನೆ ಎಲ್ಲದಕ್ಕೂ ಇದೇ ಜೊತೆ. "ಹದಿನೆಂಟ ವರ್ಷದಾಗ ಇವಕ್ಕ ಒಂದ ಪೈಸಾ ಖರ್ಚ ಮಾಡಿಲ್ಲ" ಎನ್ನುವುದು ಅವರ ಹೆಮ್ಮೆಯ ಮಾತು. ಆರು ತಿಂಗಳಿಗೊಮ್ಮೆ ಚಪ್ಪಲಿ ಎಸೆಯುವ ನನ್ನ ಮಕ್ಕಳಿಗೆ ನಾನೂ ಅದನ್ನೇ ಎಷ್ಟೋ ಸಲ ಒಪ್ಪಿಸಿದ್ದೇನೆ.

ಅಜ್ಜನಿಗೆ ಆರಿಸುವುದು ಗೊತ್ತಿತ್ತು. ಅಂಗಡಿಯಲ್ಲಿ ಮೊದಲು ಮೂಸಿ ನೋಡುತ್ತಿದ್ದರು. ಜಾಲಿ ಚಕ್ಕೆ, ಅಳಲೆಕಾಯಿಯಲ್ಲಿ ಹದವಾದ ಚರ್ಮಕ್ಕೆ ಒಗರು ವಾಸನೆ ಇರುತ್ತದೆ, ಔಷಧಿ ವಾಸನೆ ಇರುವುದಿಲ್ಲ. ಆಮೇಲೆ ತಳ ತಿರುಗಿಸಿ ಮೊಳೆ ಇದೆಯೇ ಎಂದು ಹುಡುಕುವುದು. ಮೊಳೆ ಕಂಡರೆ ಅಲ್ಲಿಗೇ ಮಾತು ಮುಗಿಯಿತು. ನಿಜವಾದ ಕೊಲ್ಹಾಪುರಿ ಮೆಟ್ಟಿನ ತಳದ ಪದರಗಳನ್ನು ಚರ್ಮದ ಸಣ್ಣ ಎಳೆಯಿಂದಲೇ ಹೊಲಿದಿರುತ್ತಾರೆ. ಮೊಳೆ ತುಕ್ಕು ಹಿಡಿದು ಸುತ್ತಲಿನ ಚರ್ಮವನ್ನೂ ತಿನ್ನುತ್ತದೆ. ಚರ್ಮದ ಎಳೆಯಾದರೆ ತಳದ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ, ಹರಿದರೆ ಬಿಚ್ಚಿ ಹೊಸದು ಏರಿಸಬಹುದು. ಬಿಚ್ಚಲು ಬರುವಂತೆ ಮಾಡಿದ ವಸ್ತು ಮಾತ್ರ ದುರಸ್ತಿಗೆ ಬರುತ್ತದೆ ಎಂಬುದು ನನಗೆ ಬಹಳ ತಡವಾಗಿ ಹೊಳೆದ ವಿಷಯ. ಇಂದಿನ ಅಂಟು ಹಾಕಿದ ಚಪ್ಪಲಿಯನ್ನು ಬಿಚ್ಚಲು ಹೋದರೆ ಅದು ಹರಿಯುತ್ತದೆ.

ಹೊಸ ಜೊತೆ ಕಾಲು ಕಚ್ಚುತ್ತಿತ್ತು. ಅದಕ್ಕೆ ರಾತ್ರಿ ಔಡಲೆಣ್ಣೆ ಹಚ್ಚಿ ಇಡುವುದು, ಹಗಲು ಸ್ವಲ್ಪ ಸ್ವಲ್ಪ ಮೆಟ್ಟುವುದು. ಹದಿನೈದು ದಿನಕ್ಕೆ ತಳದ ಮೇಲೆ ಅಜ್ಜನ ಪಾದದ ಅಚ್ಚು ಮೂಡುತ್ತಿತ್ತಂತೆ. ಮಳೆಗಾಲದಲ್ಲಿ ಅವುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕಾಲು ತೊಳೆದರೆ ಆಯಿತು, ಮೆಟ್ಟು ನೆನೆದರೆ ಕೆಟ್ಟಿತು ಎನ್ನುವ ಲೆಕ್ಕ.

ಈ ಜೊತೆಯ ತಳ ಇನ್ನೂ ಗಟ್ಟಿಯಾಗಿತ್ತು. ಮೇಲಿನ ಹೆಣಿಗೆ ಒಣಗಿ ತುಂಡಾಗಿತ್ತು, ಒಂದು ಕಿವಿ ಕಿತ್ತು ಬಂದಿತ್ತು. ಹಾರೂಗೇರಿಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಕೂರುವ ಹುಡುಗ ನೋಡಿ, "ಇದು ನನ್ನ ಕೆಲಸ ಅಲ್ರಿ, ಅಥಣಿಗೆ ಒಯ್ರಿ" ಎಂದ. ಒಯ್ದೆ.

ಅಥಣಿಯ ಆ ಓಣಿಯಲ್ಲಿ ಮನೆಯೇ ಕಾರ್ಖಾನೆ. ಗಂಡಸರು ಕಲ್ಲಿನ ಮೇಲೆ ಚರ್ಮವಿಟ್ಟು ರಂಪಿಗೆಯಿಂದ ತಳ ಕತ್ತರಿಸುತ್ತಾರೆ, ಹೆಂಗಸರು ಬಾಗಿಲಲ್ಲಿ ಕೂತು ಆಡಿನ ಚರ್ಮದ ಎಳೆಗಳನ್ನು ಜಡೆ ಹೆಣೆಯುತ್ತಾರೆ. ಕಾಪ್ಶಿ, ಪಾಯ್ತಾನ, ಕಚಕಡಿ, ಬಕ್ಕಲನಳಿ, ಪುಕರಿ ಎಂದು ಮಾದರಿಗೊಂದು ಹೆಸರು. ಎಪ್ಪತ್ತು ದಾಟಿದ ಒಬ್ಬ ಕಾಕಾ ನನ್ನ ಗೋಣಿಚೀಲ ಬಿಚ್ಚಿ, ಮೆಟ್ಟನ್ನು ಬಗ್ಗಿಸಿ, ಮೂಸಿ ನೋಡಿದರು. ನಮ್ಮಜ್ಜ ಮೂಸಿದ ಹಾಗೆಯೇ.

"ತಳಾ ಇನ್ನೂ ಜೀವಂತ ಐತ್ರಿ. ಮ್ಯಾಗಿಂದ ಅಷ್ಟ ಹೋಗೇತಿ."

ಖುಷಿಯಾಗಿ ನಾನು ಅಜ್ಜನ ಮಾತನ್ನು ಒಪ್ಪಿಸಿದೆ. ಹದಿನೆಂಟು ವರ್ಷ, ಒಂದು ಪೈಸೆ ಖರ್ಚಿಲ್ಲ. ಕಾಕಾ ತಳದ ಹೊಲಿಗೆಯ ಮೇಲೆ ಬೆರಳಾಡಿಸಿದರು. ಮೂರು ಕಡೆ ಎಳೆಯ ಬಣ್ಣ ಬೇರೆ ಬೇರೆ.

"ಇಲ್ಲಿ ಒಮ್ಮಿ ಹೊಲದಾರ, ಇಲ್ಲಿ ಇನ್ನೊಮ್ಮಿ, ಹಿಮ್ಮಡ ಪೂರಾ ಬ್ಯಾರೆ ಹಾಕ್ಯಾರ. ಖರ್ಚ ಆಗಿಲ್ಲ ಅಂದ್ರ ಅದು ಮೆಟ್ಟಿನ ಗುಣ ಅಲ್ರಿ ಸರ್. ಹೊಲದಾಂವಗ ನಿಮ್ಮಜ್ಜ ರೊಕ್ಕ ಕೊಟ್ಟಿಲ್ಲ, ಅಷ್ಟ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ.

ಮನೆಗೆ ಬಂದು ಅಪ್ಪನನ್ನು ಕೇಳಿದೆ. ಉತ್ತರ ಒಂದೇ ಪದ: ಆಯ. ರಾಶಿಯಾದ ಮೇಲೆ ಕಣದಲ್ಲಿ ಬಡಿಗ, ಕಮ್ಮಾರ, ಕುಂಬಾರ, ನಾವಿ, ಅಗಸ, ಚರ್ಮದ ಕೆಲಸದವರು ಹೀಗೆ ಎಲ್ಲರಿಗೂ ಜೋಳದ ಪಾಲು. ಮರಾಠಿ ಸೀಮೆಯಲ್ಲಿ ಇದೇ ಬಲುತೆ. ಆ ಪಾಲಿಗೆ ಬದಲಾಗಿ ಚರ್ಮದವರು ಬಾರುಕೋಲು, ಮಿಣಿ, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ ಒದಗಿಸಬೇಕು, ಮನೆಮಂದಿಯ ಮೆಟ್ಟು ಹೊಲಿಯಬೇಕು, ಸತ್ತ ದನ ಎಳೆಯಬೇಕು. ಪಾಲಿನ ಅಳತೆ ರೈತನ ಕೈಯಲ್ಲಿ. 1972ರ ಬರದಲ್ಲಿ ರಾಶಿಯೇ ಆಗಲಿಲ್ಲ, ಆಯವೂ ಇಲ್ಲ. "ಆದ್ರ ಹೊಲಿಗಿ ನಿಂತಿರಲಿಲ್ಲ" ಎಂದರು ಅಪ್ಪ. ಹೊಲಿಯುತ್ತಿದ್ದ ಹಿರಿಯರ ಹೆಸರು ಕೇಳಿದೆ. ಬಹಳ ಹೊತ್ತು ಯೋಚಿಸಿದರೂ ನೆನಪಾಗಲಿಲ್ಲ. ಅವರು ಜಗಲಿ ಹತ್ತುತ್ತಿರಲಿಲ್ಲ, ಕಾಲ್ಮರಿಯನ್ನು ಕೆಳಗಿಂದಲೇ ಒಯ್ದು ಕೆಳಗೇ ತಂದಿಡುತ್ತಿದ್ದರು, ಅಜ್ಜಿ ನೀರನ್ನು ಮೇಲಿಂದ ಬೊಗಸೆಗೆ ಹೊಯ್ಯುತ್ತಿದ್ದಳು ಎನ್ನುವುದಷ್ಟೇ ನೆನಪು. ನಮ್ಮ ಕಡೆ 'ಬಿಟ್ಟಿ' ಎಂದರೆ ಪುಕ್ಕಟೆ. ಕೂಲಿಯಿಲ್ಲದೆ ಬಲವಂತದಿಂದ ಮಾಡಿಸುವ ಚಾಕರಿಯೂ ಬಿಟ್ಟಿಯೇ. ಅಜ್ಜನ ಹದಿನೆಂಟು ವರ್ಷದ ಉಳಿತಾಯ ಯಾವ ಅರ್ಥದ ಬಿಟ್ಟಿ ಎಂದು ಅಪ್ಪನನ್ನು ಕೇಳುವ ಧೈರ್ಯ ಆಗಲಿಲ್ಲ.

ಮೆಟ್ಟು ಮಾಡಿದವರ ಹೆಸರು ನಮಗೆ ಗೊತ್ತಿರುವುದು ಒಂದೇ ಕಾಲದ್ದು, ಹನ್ನೆರಡನೇ ಶತಮಾನದ್ದು. ಕಲ್ಯಾಣದ ಸಮಗಾರ ಹರಳಯ್ಯ ಮತ್ತು ಆತನ ಹೆಂಡತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದರು, ಬಸವಣ್ಣ ಮೆಟ್ಟಲು ಒಪ್ಪದೆ ತಲೆಯ ಮೇಲಿಟ್ಟುಕೊಂಡ ಎನ್ನುವ ಕಥೆ ಎಲ್ಲರಿಗೂ ಗೊತ್ತು. ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ತಂದೆಯರೂ ಜೀವ ತೆತ್ತರು. ಚರ್ಮ ಹದ ಮಾಡುವ ಡೋಹರ ಕಕ್ಕಯ್ಯನ ಸಮಾಧಿ ನಮ್ಮದೇ ಜಿಲ್ಲೆಯ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿದೆ. ಊರಿಗೇ ಆತನ ಹೆಸರು. ಆಮೇಲಿನ ಎಂಟು ನೂರು ವರ್ಷ ಹೊಲಿದವರು ಯಾರು ಎಂದರೆ ನಮ್ಮಪ್ಪನಂತೆಯೇ ಇತಿಹಾಸವೂ ಯೋಚಿಸುತ್ತ ಕೂರುತ್ತದೆ.

ಹದ ಮಾಡುವ ಕೆಲಸ ಹಗುರದ್ದಲ್ಲ. ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ ಕೂದಲು ಕೆರೆಯಬೇಕು, ಮತ್ತೆ ತೊಳೆಯಬೇಕು. ಆಮೇಲೆ ಅದನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಚಕ್ಕೆ-ಕಾಯಿಯ ಒಗರು ನೀರು ತುಂಬಬೇಕು. ವಾರಗಟ್ಟಲೆ ಹಿಡಿಯುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದ್ರಾಸಿನಲ್ಲಿ ಕ್ರೋಮ್ ಹದವನ್ನು ಬಳಕೆಗೆ ತಂದ ಮೇಲೆ ಅದೇ ಕೆಲಸ ಕೆಲವೇ ದಿನಗಳದ್ದಾಯಿತು. ಕ್ರೋಮ್ ಚರ್ಮ ಮೆತ್ತಗೆ, ನೀರು ತಡೆಯುತ್ತದೆ. ಆದರೆ ದಪ್ಪ ತಳಕ್ಕೆ ಇಂದಿಗೂ ಚಕ್ಕೆಯ ಚರ್ಮವೇ ಬೇಕು ಎನ್ನುತ್ತಾರೆ ಅಥಣಿಯವರು.

ಕೊಲ್ಹಾಪುರದ ಶಾಹು ಮಹಾರಾಜರು (ಆಳ್ವಿಕೆ 1894-1922) ಈ ಕಸುಬಿಗೆ ಪ್ರೋತ್ಸಾಹ ಕೊಟ್ಟರು. ಮೆಟ್ಟಿಗೆ ಕೊಲ್ಹಾಪುರದ ಹೆಸರು ಅಂಟಿತು, ಅಥಣಿ-ನಿಪ್ಪಾಣಿಯಲ್ಲಿ ಮಾಡಿದ್ದೂ ಕೊಲ್ಹಾಪುರಿಯೇ ಆಯಿತು. 1925ರಲ್ಲಿ ಡಾ. ಅಂಬೇಡ್ಕರ್ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತು ನಡೆಸಿದರು. ಎರಡು ವರ್ಷದ ನಂತರ ಮಹಾಡದಲ್ಲಿ, ಸತ್ತ ದನದ ಮಾಂಸ ಬಿಡಿ, ಕೀಳೆಂದು ಹೊರಿಸಿದ ಕೆಲಸ ಬಿಡಿ ಎಂದರು. ದನ ಎಳೆಯುವುದನ್ನು ಬಿಟ್ಟ ಊರುಗಳಲ್ಲಿ ರೈತರು ಮುನಿಸಿಕೊಂಡರು. ನನ್ನ ಅಜ್ಜನಂಥವರು ಅದನ್ನು 'ಮಂದಿ ಕೆಟ್ಟರು' ಎಂದೇ ನೆನೆಯುತ್ತಿದ್ದರು. ಕಪಿಲೆ ಹೋಗಿ ಪಂಪ್‌ಸೆಟ್ ಬಂತು, ರಬ್ಬರಿನ ಹವಾಯಿ ಬಂತು, ಕಾಲುವೆಯ ನೀರಿಗೆ ಜೋಳದ ಹೊಲ ಕಬ್ಬಾಯಿತು. ಕಬ್ಬಿಗೆ ಕಣವಿಲ್ಲ, ಕಣವಿಲ್ಲದ ಮೇಲೆ ಆಯ ಎಲ್ಲಿಯದು? ನಮ್ಮ ಮನೆಗೆ ಹೊಲಿಯುತ್ತಿದ್ದವರ ಮಕ್ಕಳು ಇಚಲಕರಂಜಿಯ ಮಗ್ಗಕ್ಕೆ ಹೋದರು. ವಾರಕ್ಕೊಮ್ಮೆ ಪಗಾರ, ಅದೂ ಎಣಿಸಿ ಕೊಡುವುದು.

ಕೆಲಸಕ್ಕೆ ಬೆಲೆ ಬರಲು ಬೇರೆ ದಾರಿಗಳೂ ತೆರೆದವು. 1976ರಲ್ಲಿ ರಾಜ್ಯ ಸರ್ಕಾರ ಲಿಡ್ಕರ್ ನಿಗಮ ಸ್ಥಾಪಿಸಿತು. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅಥಣಿಯ ಹೆಣ್ಣುಮಕ್ಕಳು ಸ್ವಸಹಾಯ ಗುಂಪು ಕಟ್ಟಿ 'ಟೋಹೋಲ್ಡ್' ಹೆಸರಲ್ಲಿ ಪರದೇಶಕ್ಕೆ ಮಾರತೊಡಗಿದರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿತು: ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮೆಟ್ಟನ್ನು ಬರೀ 'ಚರ್ಮದ ಸ್ಯಾಂಡಲ್' ಎಂದು ತೋರಿಸಿತು. ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ನಿಗಮಗಳ ಜೊತೆ ಒಪ್ಪಂದವಾಗಿ, ಇಲ್ಲಿಯ ಕುಶಲಕರ್ಮಿಗಳ ಕೈಯಿಂದ 2,000 ಜೊತೆ ಮಾಡಿಸುವ ಮಾತಾಯಿತು. ಹೆಸರು ಹೇಳದೆ ಮೆಟ್ಟಿದರು ಎಂದು ಊರೆಲ್ಲ ಇಟಲಿಯವರನ್ನು ಬೈದಾಗ ನಾನೂ ಬೈದಿದ್ದೆ. ಆಗ ಅಟ್ಟದ ಗೋಣಿಚೀಲ ಇನ್ನೂ ಬಿಚ್ಚಿರಲಿಲ್ಲ.

ಎಂಟು ದಿನ ಬಿಟ್ಟು ಅಥಣಿಗೆ ಹೋದೆ. ಕಾಕಾ ಮೇಲ್ಪಟ್ಟಿ, ಹೆಣಿಗೆ, ಎರಡೂ ಕಿವಿ ಹೊಸದು ಹಾಕಿದ್ದರು. ತಳಕ್ಕೆ ಎಣ್ಣೆ ಕುಡಿಸಿದ್ದರು. ಹಿಮ್ಮಡದ ಹಳೆಯ ಹೊಲಿಗೆಯನ್ನು ಮಾತ್ರ ಮುಟ್ಟಿರಲಿಲ್ಲ. ಯಾಕೆ ಎಂದೆ.

"ಚೊಲೋ ಹೊಲದಾನ್ರಿ ಅಂವ. ಬಿಚ್ಚಾಕ ಮನಸಾಗಲಿಲ್ಲ."

ಆರು ನೂರು ರೂಪಾಯಿ ಕೇಳಿದರು. ಚೌಕಾಸಿ ಮಾಡುವ ಚಟ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ಎಣಿಸಿ ಕೊಟ್ಟೆ. ಅವರೂ ಒಮ್ಮೆ ಎಣಿಸಿ ಜೇಬಿಗಿಟ್ಟುಕೊಂಡರು. ನಾನು ಅವರ ಹೆಸರು ಕೇಳಿ ಬರೆದುಕೊಂಡೆ. ಇಲ್ಲಿ ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಅದು ನನ್ನ ಡೈರಿಯಲ್ಲಷ್ಟೇ ಇದೆ. ಹೊರಡುವಾಗ, ಮಳೆಯಲ್ಲಿ ಮೆಟ್ಟಬೇಡ್ರಿ ಎಂದು ಎರಡು ಸಲ ಹೇಳಿದರು.