ಅಜ್ಜ ಇನ್ನೂ ಪೌತಿಯಾಗಿಲ್ಲ

ಬಹ್ರೈನಿನ ಮನಾಮದ ಹೋಟೆಲೊಂದರಲ್ಲಿ ಪಕ್ಕದ ಮೇಜಿನ ಹುಡುಗ ಊರಿಗೆ ಫೋನು ಹಚ್ಚಿದ್ದ. "ಅಜ್ಜ ತೀರಿಹೋಗಿ ಮೂವತ್ತು ವರ್ಷ ಆಯ್ತು ಮಾರಾಯ, ಇನ್ನೂ ಪೌತಿ ಆಗ್ಲಿಲ್ಲ" ಎಂದು ಅವನು ಬೊಬ್ಬೆ ಹಾಕಿದಾಗ ನನ್ನ ದೋಸೆ ಅರ್ಧಕ್ಕೇ ನಿಂತಿತು. ಸಾವಿಗೆ ನಮ್ಮಲ್ಲಿ ಶಬ್ದಗಳ ಬರವಿಲ್ಲ. ತೀರಿಕೊಳ್ಳುತ್ತೇವೆ, ದೈವಾಧೀನರಾಗುತ್ತೇವೆ, ಶಿವೈಕ್ಯರಾಗುತ್ತೇವೆ, ಜಗಳವಾಡಿದವರ ಬಾಯಲ್ಲಿ ಗೊಟಕ್ ಎನ್ನುತ್ತೇವೆ. ಇವೆಲ್ಲ ತಾವಾಗಿಯೇ ಆಗುವಂಥವು. ಪೌತಿ, ಅಂದರೆ ಸತ್ತವನ ಜಮೀನು ವಾರಸುದಾರರ ಹೆಸರಿಗೆ ಬರುವುದು, ಮಾತ್ರ ಅರ್ಜಿ ಹಾಕಿ ಆಗಬೇಕಾದದ್ದು.

ಶಬ್ದ ಅರಬ್ಬಿ ಮೂಲದ್ದು ಎಂಬುದು ನಿಘಂಟಿನ ಕೆಲಸ, ಅದನ್ನು ಅಲ್ಲಿಗೇ ಬಿಡೋಣ. ನನ್ನ ತಕರಾರಿರುವುದು ಅದು ಬಂದ ದಾರಿಯ ಬಗ್ಗೆ. ತರಿ, ಖುಷ್ಕಿ, ಬಾಗಾಯ್ತು, ಜಮಾಬಂದಿಗಳ ಜೊತೆ ಪೌತಿಯೂ ಸುಲ್ತಾನರ ದಫ್ತರಗಳಿಂದ ಕುದುರೆ ಹತ್ತಿ ಬಂತು ಎನ್ನುತ್ತಾರೆ ಪಂಡಿತರು. ಇರಬಹುದು. ಆದರೆ ವಿಜಯನಗರದ ಕುದುರೆಗಳೇ ಹೊರ್ಮುಜ್ ಕಡೆಯಿಂದ ಹಡಗು ಹತ್ತಿ ಭಟ್ಕಳದಲ್ಲಿ ಇಳಿದವಲ್ಲ! ಕುದುರೆಯೇ ಹಡಗಿನಲ್ಲಿ ಬಂದ ಮೇಲೆ ಶಬ್ದ ಬರಬಾರದೇ? ಪರವೂರಿನಲ್ಲಿ ವ್ಯಾಪಾರಿ ಸತ್ತರೆ ಅವನ ಗೋಣಿಗಳನ್ನು ಎಣಿಸಿ, ಯಾರಿಗೆ ಸೇರಬೇಕೆಂದು ಬರೆದಿಡುವ ಜರೂರು ಮೊದಲು ಹುಟ್ಟುವುದು ಬಂದರಿನಲ್ಲಿ. ಹೊಲದಲ್ಲಿ ಸತ್ತವನ ಮಕ್ಕಳು ಹೊಲದಲ್ಲೇ ಇರುತ್ತಾರೆ. ಆದ್ದರಿಂದ ಪೌತಿ ಉಪ್ಪುನೀರಿನ ಶಬ್ದ ಎಂಬುದು ನನ್ನ ವಾದ. 1965ರವರೆಗೆ ಈ ಬಹ್ರೈನಿನಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತು. ರೂಪಾಯಿ ಅತ್ತಿಂದ ಇತ್ತ ಬಂದಿದ್ದರೆ ಪೌತಿ ಇತ್ತಿಂದ ಅತ್ತ ಹೋಗಿರಬಾರದೇಕೆ?

ನನ್ನ ಪಕ್ಷದ ದೊಡ್ಡ ಸಾಕ್ಷಿ ಇಲ್ಲಿನವರು ದಿನಕ್ಕೆ ಹತ್ತು ಸಲ ಆಡುವ ಒಂದು ಗಾದೆ: "ಇಲ್ಲಿ ಫಾತ್ ಮಾತ್." ಆಗಿಹೋದದ್ದು ಸತ್ತುಹೋಯಿತು ಎಂದರ್ಥ; ಇದರೊಳಗಿನ ಫಾತ್ ನಮ್ಮ ಪೌತಿಯ ಒಡಹುಟ್ಟು. ಹಳೆಯ ಜಗಳ ಕೆದಕಿದವನಿಗೂ ಹೇಳುತ್ತಾರೆ, ಪಂದ್ಯ ಸೋತವನಿಗೂ ಹೇಳುತ್ತಾರೆ. ಬಸ್ಸು ತಪ್ಪಿದರೂ ಅವರಿಗೆ ಫಾತ್, ಹೊತ್ತು ಮೀರಿದರೂ ಫಾತ್. ಕನ್ನಡದ ಕಿವಿಗೆ ಈ ಗಾದೆ ಒಂದು ಹಬ್ಬ. ಅವರ 'ಇಲ್ಲಿ' ನಮ್ಮ ಇಲ್ಲಿಯಲ್ಲ, 'ಯಾವುದು' ಎಂದು. ಅವರ 'ಮಾತ್' ನಮ್ಮ ಮಾತಲ್ಲ, ಸತ್ತಿತು ಎಂದು. ಆದರೂ ಮೊದಲ ಸಲ ಕೇಳಿದ ಕುಂದಾಪುರದವನಿಗೆ 'ಇಲ್ಲಿ ಪೌತಿ ಮಾತು' ಎಂದೇ ಕೇಳಿಸೀತು, ಜಾಗದ ವ್ಯವಹಾರ ನಡೆಯುತ್ತಿದೆ ಎಂದು ಆತ ಕುರ್ಚಿ ಎಳೆದುಕೊಂಡು ಕೂತಾನು. ಚೆಂದವಿರುವುದು ಗಾದೆ ಎರಡು ಶಬ್ದಗಳನ್ನು ಬೇರೆಬೇರೆ ಇಟ್ಟಿರುವುದರಲ್ಲಿ. ದಾಟಿಹೋಗುವುದು ಒಂದು, ಸಾಯುವುದು ಇನ್ನೊಂದು. ಎರಡನ್ನೂ ಒಂದು ಮಾಡಲು ಗಾದೆಯೇ ಬೇಕಾಯಿತು. ನಮ್ಮ ತಾಲೂಕು ಕಚೇರಿ ಈ ಗಾದೆಯನ್ನು ಒಪ್ಪುವುದಿಲ್ಲ. ಅಲ್ಲಿ ಮೊದಲು ಮಾತ್, ಫಾತ್ ಎಷ್ಟೋ ವರ್ಷ ಕಳೆದ ಮೇಲೆ.

ಇಲ್ಲಿನ ವಾರಸು ಪತ್ರಕ್ಕೆ ಮಾತ್ರ ಪೌತಿ ಎನ್ನುವುದಿಲ್ಲ. ಶರಿಯತ್ ನ್ಯಾಯಾಲಯ ಕೊಡುವ ಅದರ ಹೆಸರು 'ಫರೀದಾ', ಯಾರಿಗೆಷ್ಟು ಪಾಲು ಎಂಬ ಲೆಕ್ಕ. ನನ್ನ ವಾದಕ್ಕೆ ಇದು ತೊಡಕೆನ್ನುವವರಿಗೆ ನನ್ನ ಉತ್ತರ ಇಷ್ಟೇ: ನಮಗೆ ಮಾರಿದ ಮೇಲೆ ಇವರ ದಾಸ್ತಾನು ಮುಗಿದಿರಬೇಕು.

ಸತ್ತವನ ಜಮೀನಿಗೆ ವಿಚಾರಣೆ ನಡೆಸುವ ಚಾಳಿ ನಮ್ಮದೊಂದೇ ಅಲ್ಲ. 13ನೇ ಶತಮಾನದಿಂದ 17ನೆಯದರವರೆಗೆ ಇಂಗ್ಲೆಂಡಿನಲ್ಲಿ ಅರಸನಿಂದ ನೇರವಾಗಿ ಭೂಮಿ ಹಿಡಿದವನು ಸತ್ತರೆ ಎಸ್ಚೀಟರ್ ಎಂಬ ಅಧಿಕಾರಿ ಊರಿಗೆ ಬಂದು ಸ್ಥಳೀಯರನ್ನು ಕೂರಿಸಿ ಆಣೆ ಹಾಕಿಸುತ್ತಿದ್ದ. ಏನೇನು ಹಿಡಿದಿದ್ದ, ವರ್ಷದ ಉತ್ಪನ್ನ ಎಷ್ಟು, ಯಾವತ್ತು ಸತ್ತ, ವಾರಸುದಾರ ಯಾರು, ಅವನ ವಯಸ್ಸೆಷ್ಟು ಎಂಬ ಪ್ರಶ್ನೆಗಳು. ಕೊನೆಯ ಪ್ರಶ್ನೆಯಲ್ಲೇ ದುಡ್ಡಿತ್ತು. ಹುಡುಗನಿಗೆ 21 ತುಂಬದಿದ್ದರೆ ಅವನೂ ಭೂಮಿಯೂ ಅರಸನ ವಶ. ಮುಂದೆ ಹುಡುಗ ಬೆಳೆದು ಭೂಮಿ ಕೇಳಿದಾಗ ವಯಸ್ಸಿಗೆ ಪುರಾವೆ ಬೇಕು. ನೆರೆಯವರು ಒಬ್ಬೊಬ್ಬರಾಗಿ ಬಂದು "ಇವನ ನಾಮಕರಣದ ದಿನವೇ ನಾನು ಬಿದ್ದು ಕಾಲು ಮುರಿದುಕೊಂಡೆ, ಅದಕ್ಕೇ ನೆನಪಿದೆ" ಎನ್ನುತ್ತಿದ್ದರು. ಇಂಥ ಕಾಲು ಮುರಿತಗಳು ಕಡತದಿಂದ ಕಡತಕ್ಕೆ ಮರುಕಳಿಸುವುದು ಕಂಡು ಇತಿಹಾಸಕಾರರಿಗೆ ಅನುಮಾನ. ನಮ್ಮ ಮಹಜರುಗಳಿಗೆ ಸಹಿ ಹಾಕುವ ಪಂಚರನ್ನು ಕಂಡವರಿಗೆ ಅನುಮಾನವೇನೂ ಉಳಿಯುವುದಿಲ್ಲ.

1964ರ ಭೂಕಂದಾಯ ಕಾಯ್ದೆಯ ಪ್ರಕಾರ ನಮ್ಮ ಪೌತಿಗೂ ಮರಣ ಪತ್ರ, ವಂಶವೃಕ್ಷ, ನೋಟಿಸು, ತಕರಾರಿಗೆ ಒಂದು ಗಡುವು. ಘಟ್ಟದ ಮೇಲೆ ಇದು ಹೇಗೋ ಸಾಗೀತು, ಕರಾವಳಿಯ ವಂಶವೃಕ್ಷ ಬರೆಯುವವನ ಪಾಡು ಬೇರೆ. ಅಳಿಯಸಂತಾನದ ಮನೆಗಳಲ್ಲಿ ಮರ ಬೆಳೆದದ್ದು ತಾಯಿಯ ಕಡೆಯಿಂದ. 1949ರ ಮದ್ರಾಸು ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಕ್ಕಳನ್ನೂ ಒಳಗೆ ತಂದಿತು. ಅರ್ಜಿಯಲ್ಲಿ ಮಾತ್ರ ತಂದೆಯ ಹೆಸರಿನ ಖಾಲಿ ಗೆರೆ ಮೊದಲು ಬರುತ್ತದೆ. ಅಜ್ಜನ ಸೋದರಳಿಯಂದಿರು ಮುಂಬಯಿಯಲ್ಲಿ, ಅವರ ಮಕ್ಕಳು ಇಲ್ಲಿ ಮುಹರ್ರಕ್‌ನಲ್ಲಿ. ಇಲ್ಲಿಂದ ರಾಯಭಾರ ಕಚೇರಿಯ ಮೊಹರು ಹಾಕಿಸಿ ಅಧಿಕಾರ ಪತ್ರ ಕಳಿಸಿದರೆ, ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಛಾಪಾ ಹಾಕಿಸಬೇಕು. ಅಷ್ಟರಲ್ಲಿ ಸಹಿ ಹಾಕಬೇಕಾದ ಚಿಕ್ಕಪ್ಪನೇ ತೀರಿಕೊಂಡು ಇನ್ನೊಂದು ಪೌತಿ ಶುರುವಾಗುವುದೂ ಉಂಟು.

ಈಗಿನ ಹುಡುಗರಿಗೆ ಇದೆಲ್ಲ 'ಲೀಗಲ್ ಹೇರ್ ಸರ್ಟಿಫಿಕೇಟ್'. ಹೇರ್ ಎಂದು ಒತ್ತಿ ಹೇಳುವಾಗ ಕಾನೂನುಬದ್ಧ ಕೂದಲೇ ಕಣ್ಣೆದುರು ಬರುತ್ತದೆ. ವಾರಸುದಾರ ಎನ್ನಲು ಏನು ಖರ್ಚು? ಇನ್ನು 'ಅಪ್ಪ ಎಕ್ಸ್‌ಪೈರ್ ಆದ್ರು' ಎನ್ನುವವರ ಮಾತು ಕೇಳಿದರೆ ಮೈ ಉರಿಯುತ್ತದೆ. ಇಲ್ಲಿ ಎಕ್ಸ್‌ಪೈರ್ ಆಗುವುದು ಸಿಪಿಆರ್ ಎಂಬ ಗುರುತಿನ ಕಾರ್ಡು, ವೀಸಾ, ಲಬಾನ್ ಮಜ್ಜಿಗೆಯ ಬಾಟಲಿ. ಆ ಹೋಟೆಲಿನ ಹುಡುಗ ಪೌತಿ ಎಂದನಲ್ಲ, ಅಷ್ಟಕ್ಕೇ ಅವನ ಬೊಬ್ಬೆಯನ್ನು ಮಾಫಿ ಮಾಡಿದ್ದೇನೆ.

ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ಸರಿಪಡಿಸಲು ಕಂದಾಯ ಇಲಾಖೆ ಈಚೆಗೆ ಆಂದೋಲನ ಹೂಡಿದೆ. ಕೆಲಸ ಒಳ್ಳೆಯದೇ, ಆದರೆ ಅದಕ್ಕಿಟ್ಟ ಹೆಸರು 'ಇ-ಪೌತಿ'. ಬಾಯಲ್ಲಿ ಹೇಳಿದರೆ 'ಈ ಪೌತಿ' ಎಂದೇ ಕೇಳುತ್ತದೆ. ಗ್ರಾಮ ಆಡಳಿತಾಧಿಕಾರಿ ಮನೆ ಬಾಗಿಲಿಗೆ ಬಂದು "ಇ-ಪೌತಿ ಮಾಡಿಸಿದ್ದೀರಾ?" ಎಂದರೆ ನಮ್ಮೂರಿನ ಯಾವ ಅಜ್ಜಿಯಾದರೂ "ಈ ಪೌತಿ ಇರಲಿ, ಮಾವನವರ ಆ ಪೌತಿ ಎಲ್ಲಿಗೆ ಬಂತು?" ಎಂದೇ ಕೇಳುತ್ತಾಳೆ.