ಚಿಕ್ಕೋಡಿ ಸೀಮೆಗೆ ಪುಣೆಯ ಧರ್ಮಪೀಠ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದು ತಾಲ್ಲೂಕುಗಳ ಜನ ಜಿಲ್ಲಾಧಿಕಾರಿಯನ್ನು ಕಾಣಬೇಕಾದರೆ ಬೆಳಗಾವಿಗೆ ಹೋಗುತ್ತಾರೆ, ಹೈಕೋರ್ಟಿನ ಕೆಲಸವಿದ್ದರೆ ಧಾರವಾಡಕ್ಕೆ, ಮಂತ್ರಿಗಳನ್ನು ಕಾಣಬೇಕಾದರೆ ಬೆಂಗಳೂರಿಗೆ. ಆದರೆ ಇಲ್ಲಿನ ರೋಮನ್ ಕ್ಯಾಥೊಲಿಕ್ ಕ್ರೈಸ್ತರ ಧರ್ಮಪೀಠ ಇರುವುದು ಪುಣೆಯಲ್ಲಿ. ನಿಪ್ಪಾಣಿಯಿಂದ ಬೆಳಗಾವಿಗೆ ಸುಮಾರು 75 ಕಿ.ಮೀ.; ಅದೇ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಪುಣೆಗೆ ಅದರ ಮೂರು ಪಟ್ಟಿಗೂ ಹೆಚ್ಚು ದೂರ. ಇನ್ನೂ ಸೋಜಿಗದ ಸಂಗತಿಯೆಂದರೆ, ಮಹಾರಾಷ್ಟ್ರಕ್ಕೆ ಸೇರಿದ ಚಂದಗಡ, ಆಜರಾ ಭಾಗದ ಕ್ಯಾಥೊಲಿಕರು ಬೆಳಗಾವಿ ಧರ್ಮಪ್ರಾಂತ್ಯದವರು. ಎರಡು ರಾಜ್ಯಗಳು ದಶಕಗಳಿಂದ ಜಗಳವಾಡುತ್ತಿರುವ ಗಡಿಯನ್ನು ಚರ್ಚು ಎರಡೂ ಕಡೆಯಿಂದ ದಾಟಿ ನಿಂತಿದೆ.

ಇದನ್ನು ತಿಳಿಯಬೇಕಾದರೆ ಬಿಜಾಪುರದ ಆದಿಲಶಾಹಿಗಳ ಕಾಲಕ್ಕೆ ಹೋಗಬೇಕು. ಆಗ ಈ ಸೀಮೆಯೆಲ್ಲ ಅವರ ಆಳ್ವಿಕೆಯಲ್ಲಿತ್ತು. ಪಕ್ಕದ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ಪೂರ್ವದೇಶಗಳ ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಪೋಪ್ ಪೋರ್ಚುಗಲ್ಲಿನ ದೊರೆಗೆ ಬಿಟ್ಟುಕೊಟ್ಟಿದ್ದರು. ಈ ಹಕ್ಕಿಗೆ ‘ಪಾದ್ರೋಆದೋ’ ಎಂದು ಹೆಸರು. ದೊರೆಯ ಹಿಡಿತದಿಂದ ಧರ್ಮಪ್ರಚಾರವನ್ನು ಬಿಡಿಸಿಕೊಳ್ಳಬೇಕೆಂದು ರೋಮ್ 1622ರಲ್ಲಿ ‘ಪ್ರೊಪಗಾಂಡ’ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಅಲ್ಲಿಂದ ಮುಂದೆ ಎರಡು ಶತಮಾನಕ್ಕೂ ಮಿಕ್ಕಿ ಭಾರತದ ಕ್ಯಾಥೊಲಿಕರಿಗೆ ಇಬ್ಬರು ಯಜಮಾನರು.

ಆ ಜಗಳದ ನಡುವೆ ಸಿಕ್ಕಿಕೊಂಡವರು ಗೋವೆಯ ದೀವಾಡಿ ದ್ವೀಪದ ಮತೇಯುಸ್ ದೆ ಕಾಸ್ತ್ರೊ. ಕ್ರೈಸ್ತ ಮತಕ್ಕೆ ಬಂದ ಬ್ರಾಹ್ಮಣ ಮನೆತನ ಅವರದು. ಗೋವೆಯಲ್ಲಿ ಗುರುದೀಕ್ಷೆಯ ದಾರಿ ಸುಗಮವಾಗಲಿಲ್ಲವೆಂದು ದೂರದ ರೋಮಿಗೇ ಹೋಗಿ ಅಲ್ಲಿ ಓದಿ ಪಾದ್ರಿಯಾದರು. 1637ರಲ್ಲಿ ರೋಮ್ ಅವರಿಗೆ ಬಿಷಪ್ ಪದವಿ ಕೊಟ್ಟು ‘ಇದಲ್ಕಾನ್’ ರಾಜ್ಯಕ್ಕೆ ಪ್ರತಿನಿಧಿಯಾಗಿ ಕಳಿಸಿತು. ಇದಲ್ಕಾನ್ ಎಂದರೆ ಬೇರಾರೂ ಅಲ್ಲ, ಪೋರ್ಚುಗೀಸರ ನಾಲಿಗೆಯಲ್ಲಿ ಹೊರಳಿದ ನಮ್ಮ ಆದಿಲ್ ಖಾನ್! ಹೀಗೆ ಅಥಣಿ, ಚಿಕ್ಕೋಡಿಗಳನ್ನೂ ಒಳಗೊಂಡ ಬಿಜಾಪುರ ರಾಜ್ಯಕ್ಕೆಂದು ರೋಮ್ ನೇಮಿಸಿದ ಮೊದಲ ಬಿಷಪ್ ಒಬ್ಬ ಭಾರತೀಯ. ಲ್ಯಾಟಿನ್ ಪದ್ಧತಿಯ ಚರ್ಚಿನಲ್ಲಿ ಆ ಪದವಿಗೇರಿದ ಮೊದಲ ಭಾರತೀಯರೂ ಇವರೇ. ಗೋವೆಯ ಅಧಿಕಾರಸ್ಥರು ಅವರನ್ನು ಬಿಷಪ್ಪರೆಂದು ಒಪ್ಪಲೇ ಇಲ್ಲ. ಕಾಸ್ತ್ರೊ ಆಗ ಆದಿಲಶಾಹಿಗೆ ಸೇರಿದ್ದ ಡಿಚೋಲಿಯಲ್ಲಿ ನೆಲೆ ಮಾಡಿಕೊಂಡು, ಪೋರ್ಚುಗೀಸರ ಮೇಲೆ ದೂರು ಬರೆಯುತ್ತ, ಕೊನೆಗೆ ರೋಮಿಗೆ ಮರಳಿ ಅಲ್ಲೇ ತೀರಿಕೊಂಡರು. ಕರ್ನಾಟಕದ ಚರಿತ್ರೆ ಪುಸ್ತಕಗಳಲ್ಲಿ ಈ ಮನುಷ್ಯನಿಗೆ ಒಂದು ಪ್ಯಾರಾದಷ್ಟು ಜಾಗವೂ ಸಿಕ್ಕಿಲ್ಲದಿರುವುದು ವಿಚಿತ್ರ.

ಕಾಸ್ತ್ರೊ ಹಿಡಿದಿದ್ದ ಅಧಿಕಾರದ ಎಳೆ ಮುಂದೆ ಮುಂಬಯಿಗೆ ಬಂತು. 1854ರಲ್ಲಿ ಮುಂಬಯಿಯಿಂದ ಪುಣೆಯನ್ನು ಬೇರೆ ಮಾಡಲಾಯಿತು. 1886ರ ಸೆಪ್ಟೆಂಬರ್ 1ರಂದು ಪುಣೆ ಪೂರ್ಣ ಪ್ರಮಾಣದ ಧರ್ಮಪ್ರಾಂತ್ಯವಾಯಿತು. ಘಟ್ಟದ ಮೇಲಿನ ದಖನ್ ಪ್ರದೇಶದ ಬಹುಭಾಗ ಅದರ ಪಾಲಿಗೆ ಬಂತು. ಗೋವೆಗೆ ಹೊಂದಿಕೊಂಡ ಕೆಲವು ಭಾಗಗಳು ಗೋವೆಯ ಆರ್ಚ್‌ಬಿಷಪ್ಪರ ಕೆಳಗೇ ಉಳಿದವು.

ಪುಣೆಯನ್ನು ಆಗ ನಡೆಸುತ್ತಿದ್ದವರು ಜರ್ಮನಿಯ ಜೆಸ್ವಿಟ್ ಪಾದ್ರಿಗಳು. ಅವರಲ್ಲಿ ಹೆನ್ರಿ ಡೋರಿಂಗ್ ಅವರ ಕಥೆ ಬೇರೆಯೇ ಒಂದು ಲೇಖನಕ್ಕೆ ವಸ್ತು. ಅಹಮದನಗರದ ಹಳ್ಳಿಗಳಲ್ಲಿ ದುಡಿದ ಅವರು 1903ರಲ್ಲಿ ‘ನಿರೋಪ್ಯಾ’ ಎಂಬ ಮರಾಠಿ ಮಾಸಪತ್ರಿಕೆ ಆರಂಭಿಸಿದರು; 1907ರಲ್ಲಿ ಪುಣೆಯ ಬಿಷಪ್ಪರಾದರು. ಮೊದಲನೇ ಮಹಾಯುದ್ಧ ಬಂದಾಗ ಜರ್ಮನರೆಂಬ ಕಾರಣಕ್ಕೆ ಅವರಿಗೂ ಅವರ ಸಂಗಡಿಗರಿಗೂ ಬ್ರಿಟಿಷ್ ಭಾರತದ ಬಾಗಿಲು ಮುಚ್ಚಿತು. ರೋಮ್ 1921ರಲ್ಲಿ ಅವರನ್ನು ಜಪಾನಿನ ಹಿರೋಶಿಮಾಕ್ಕೆ ಕಳಿಸಿತು. 1927ರಲ್ಲಿ ಪುಣೆಗೆ ಮರಳಿದವರು 1948ರವರೆಗೂ ಪೀಠದಲ್ಲಿದ್ದರು. ಡೋರಿಂಗ್ ಬಿಟ್ಟುಹೋದ ಮುಖ್ಯ ಆಸ್ತಿಯೆಂದರೆ ಮರಾಠಿ. ಪುಣೆ ಧರ್ಮಪ್ರಾಂತ್ಯದ ಹಳ್ಳಿಯ ಕ್ರೈಸ್ತರು ಓದಿದ್ದು, ಹಾಡಿದ್ದು, ಧರ್ಮಪಾಠ ಕಲಿತದ್ದು ಆ ಭಾಷೆಯಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಭಾರತದ ನೆಲದ ಮೇಲೆ ಪೋರ್ಚುಗಲ್ಲಿನ ಧಾರ್ಮಿಕ ಹಕ್ಕು ಉಳಿಯುವುದು ಸಾಧ್ಯವಿರಲಿಲ್ಲ. 1950ರಲ್ಲಿ ರೋಮ್ ಮತ್ತು ಲಿಸ್ಬನ್ನಿನ ನಡುವೆ ಒಪ್ಪಂದವಾಯಿತು. 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಹೊಸ ಧರ್ಮಪ್ರಾಂತ್ಯವಾಗಿ, ಮೈಕೆಲ್ ರಾಡ್ರಿಗಸ್ ಅದರ ಮೊದಲ ಧರ್ಮಾಧ್ಯಕ್ಷರಾದರು. ಇಸವಿಯನ್ನು ಗಮನಿಸಬೇಕು. ಆಗ ಬೆಳಗಾವಿ, ಧಾರವಾಡ, ಕೊಲ್ಹಾಪುರ, ಪುಣೆ ಎಲ್ಲವೂ ಮುಂಬಯಿ ಪ್ರಾಂತ್ಯದ ಜಿಲ್ಲೆಗಳೇ. ಚಿಕ್ಕೋಡಿ ಪುಣೆಗೆ ಸೇರಿದರೇನು, ಬೆಳಗಾವಿಗೆ ಸೇರಿದರೇನು, ಸರ್ಕಾರ ಒಂದೇ ಆಗಿತ್ತು. ಮೂರೇ ವರ್ಷಗಳಲ್ಲಿ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ಅದೇ ಜಿಲ್ಲೆಯಲ್ಲಿದ್ದ ಚಂದಗಡ ಮುಂಬಯಿ ರಾಜ್ಯದಲ್ಲೇ ಉಳಿಯಿತು. 1967ರ ಮಹಾಜನ ವರದಿ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ ಜತ್ತ, ಅಕ್ಕಲಕೋಟೆಗಳನ್ನು ಇತ್ತ ಕಡೆಗೂ ಕೊಡಬೇಕೆಂದಿತು. ಅದು ಜಾರಿಗೆ ಬರಲಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಚರ್ಚಿನ ಮಟ್ಟಿಗೆ ಈ ಗಡಿ ನಿಜವಾಗಿ ಅರಿವಿಗೆ ಬಂದದ್ದು ಇನ್ನೊಂದು ಘಟನೆಯಿಂದ. 1963ರವರೆಗೆ ಪೂಜೆಯ ಭಾಷೆ ಲ್ಯಾಟಿನ್. ಅಥಣಿಯ ಕನ್ನಡಿಗನಿಗೂ ಕೊಲ್ಹಾಪುರದ ಮರಾಠಿಗನಿಗೂ ಅದು ಸಮಾನವಾಗಿ ತಿಳಿಯದ ಭಾಷೆ, ಆದ್ದರಿಂದ ತಕರಾರಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಜನರ ಭಾಷೆಗೆ ಬಾಗಿಲು ತೆರೆಯಿತು. ಕೂಡಲೇ ಎದ್ದ ಪ್ರಶ್ನೆ: ಯಾವ ಜನರ, ಯಾವ ಭಾಷೆ? ಕರ್ನಾಟಕದ ಒಳನಾಡಿನಲ್ಲಿ ಕನ್ನಡ, ಕರಾವಳಿಯಲ್ಲಿ ಕೊಂಕಣಿ, ಪುಣೆ ಧರ್ಮಪ್ರಾಂತ್ಯದ ಹಳ್ಳಿಗಾಡಿನಲ್ಲಿ ಮರಾಠಿ ಲ್ಯಾಟಿನ್ನಿನ ಜಾಗಕ್ಕೆ ಬಂದವು. ಕನ್ನಡದ ‘ಬಲಿಪೂಜೆ’ ಮರಾಠಿಯಲ್ಲಿ ‘ಮಿಸ್ಸಾ’, ನಮ್ಮ ‘ಜಪಸರ’ ಅಲ್ಲಿ ‘ಜಪಮಾಳ’, ‘ಧರ್ಮಾಧ್ಯಕ್ಷ’ರು ಅಲ್ಲಿ ‘ಮಹಾಗುರುಸ್ವಾಮಿ’. ಎರಡನ್ನೂ ಮನೆಯಲ್ಲಿ ಬೆರೆಸಿ ಆಡುವ ಗಡಿಸೀಮೆಯವರಿಗೆ ಇದು ಕಷ್ಟವಲ್ಲದಿರಬಹುದು. ಆದರೆ ಮಾತು ಬೇರೆ, ಪ್ರಾರ್ಥನೆ ಬೇರೆ. ಮಗು ಶಾಲೆಯಲ್ಲಿ ಕನ್ನಡ ಓದಿ ಧರ್ಮಪಾಠವನ್ನು ಮರಾಠಿಯಲ್ಲಿ ಒಪ್ಪಿಸಬೇಕಾದರೆ ಅದರ ನಂಬಿಕೆ ಯಾವ ಲಿಪಿಯಲ್ಲಿ ನೆಲೆಗೊಳ್ಳಬೇಕು?

ಮಹಾಸಭೆಯ ಅದೇ ದಾಖಲೆಯಲ್ಲಿ ಇದಕ್ಕೊಂದು ದಾರಿಯೂ ಇದೆ. ಪೂಜೆಯ ಭಾಷೆಯನ್ನು ತೀರ್ಮಾನಿಸುವಾಗ ಅದೇ ಭಾಷೆಯನ್ನಾಡುವ ನೆರೆ ಪ್ರದೇಶದ ಬಿಷಪ್ಪರೊಡನೆ ಸಮಾಲೋಚಿಸಬಹುದೆಂದು ಅದು ಹೇಳುತ್ತದೆ. ಇಲ್ಲಿ ಆ ನೆರೆಯ ಪೀಠ ಬೆಳಗಾವಿಯೇ. ಕನ್ನಡದ ಪೂಜಾಗ್ರಂಥ, ಹಾಡಿನ ಪುಸ್ತಕಗಳು ಅಲ್ಲಿ ಬಳಕೆಯಲ್ಲಿವೆ. ಗಡಿರೇಖೆಯನ್ನು ಅಳಿಸದೆಯೂ ಪುಸ್ತಕ ದಾಟಿ ಬರಬಹುದು.

ಇಷ್ಟಾದರೂ ಧರ್ಮಪ್ರಾಂತ್ಯವೆಂಬುದು ಹೆಸರಿಗಷ್ಟೇ ಇರುವ ಗೆರೆಯಲ್ಲ. ಊರಿನ ಚರ್ಚಿನ ಗುರುಗಳನ್ನು ನೇಮಿಸುವವರು, ವರ್ಗ ಮಾಡುವವರು ಧರ್ಮಾಧ್ಯಕ್ಷರು. ಮದುವೆಯ ಕಟ್ಟುಪಾಡಿನಲ್ಲಿ ವಿನಾಯಿತಿ ಬೇಕಾದರೆ ಅರ್ಜಿ ಹೋಗುವುದು ಅವರ ಕಚೇರಿಗೆ. ಕರ್ನಾಟಕದ ಬಿಷಪ್ಪರು ಒಟ್ಟಾಗಿ ಕೂತು ಮಾತಾಡುವಾಗ ಪುಣೆಯವರು ಅಲ್ಲಿರುವುದಿಲ್ಲ. ಪುಣೆ ಇರುವುದು ಮುಂಬಯಿ ಮಹಾಧರ್ಮಪ್ರಾಂತ್ಯದ ವ್ಯಾಪ್ತಿಯಲ್ಲಿ. ಜ್ಞಾನಸ್ನಾನಕ್ಕೆ, ರೋಗಿಗಳ ಹಣೆಗೆ ಹಚ್ಚುವ ಪವಿತ್ರ ತೈಲವನ್ನು ವರ್ಷಕ್ಕೊಮ್ಮೆ, ಈಸ್ಟರಿಗೆ ಮುಂಚಿನ ದಿನಗಳಲ್ಲಿ, ಧರ್ಮಾಧ್ಯಕ್ಷರೇ ಮಂತ್ರಿಸುತ್ತಾರೆ. ಪ್ರತಿ ಚರ್ಚಿನ ಗುರುವೂ ಅದನ್ನು ತನ್ನ ಧರ್ಮಾಧ್ಯಕ್ಷರಿಂದಲೇ ಪಡೆಯಬೇಕೆಂಬುದು ಚರ್ಚಿನ ಕಾನೂನು. ಹೀಗಾಗಿ ಅಥಣಿ ಸೀಮೆಯಲ್ಲಿ ಹುಟ್ಟಿದ ಕೂಸಿನ ನೆತ್ತಿಗೆ ಹಚ್ಚುವ ಎಣ್ಣೆ ಕೃಷ್ಣೆಯನ್ನು ದಾಟಿ ಪುಣೆಯ ಕಡೆಯಿಂದಲೇ ಬರುತ್ತದೆ.