ಕೂನೂರಿನ ಕಪಿಗಳೂ ನಮ್ಮ ರಾಗಿ ಮುದ್ದೆಯೂ

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಗಳು ಬರೆಯುವ ಪತ್ರಗಳಲ್ಲಿ ಅವರ ವಯಸ್ಸು ಎದ್ದು ಕಾಣುತ್ತಿದೆ. ಹಿಂದೆಲ್ಲ ವರ್ಗಾವಣೆ, ಬಡ್ತಿ, ಮಕ್ಕಳ ಮದುವೆಗಳ ಸುದ್ದಿಯಿರುತ್ತಿತ್ತು. ಈಗ ಹೊಟ್ಟೆಯ ಸುದ್ದಿ. ಅಜೀರ್ಣ, ಮಲಬದ್ಧತೆ, ಹುಳಿತೇಗು, ವಾಯುಬಾಧೆ. ಕರುಳಿನ ಸೂಕ್ಷ್ಮಜೀವಿಗಳ ಪೋಷಣೆಗೆಂದು ಮಾರುವ ಗುಳಿಗೆಗಳ ಹೆಸರನ್ನು ಬರೆದು, "ತೆಗೆದುಕೊಳ್ಳಲೇ, ಮೇಷ್ಟ್ರೇ?" ಎಂದು ಕೇಳಿದವರೂ ಇದ್ದಾರೆ. ನಾನು ಇತಿಹಾಸ ಬೋಧಿಸಿದವನೇ ಹೊರತು ವೈದ್ಯನಲ್ಲ. ಗುಳಿಗೆಯ ಮಾತು ಅವರವರ ವೈದ್ಯರಿಗೆ ಬಿಟ್ಟದ್ದು. ಆದರೆ ತವುಡು, ಸಿಪ್ಪೆ, ನಾರುಗಳನ್ನು ಕಳೆಯದೆ ಇಡಿಯಾಗಿ ಉಣ್ಣುವ ಆಹಾರಕ್ಕೂ ಕರುಳಿನ ಕ್ಷೇಮಕ್ಕೂ ನಂಟಿದೆಯೆಂಬ ತಿಳಿವಳಿಕೆಗೆ ಒಂದು ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ಮೈಸೂರಿನ ನೆರೆಯ ನೀಲಗಿರಿಯಲ್ಲೇ ನಡೆಯಿತೆಂಬುದು ನಮ್ಮಲ್ಲಿ ಬಹು ಮಂದಿಗೆ ತಿಳಿಯದು. ಪಠ್ಯಪುಸ್ತಕದಲ್ಲಿ ಅದು ಇರಲಿಲ್ಲವಾದ್ದರಿಂದ ತರಗತಿಯಲ್ಲಿ ಹೇಳುವ ಸಂದರ್ಭ ಬರಲಿಲ್ಲ. ಈಗ ಹೇಳುತ್ತೇನೆ.

ಕಥೆ ಆರಂಭವಾಗುವುದು ಜಾವಾ ದ್ವೀಪದಲ್ಲಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯಂತ್ರದ ಗಿರಣಿಗಳು ಏಷ್ಯದ ಅಕ್ಕಿಯ ನಾಡುಗಳಿಗೆ ಬಂದವು. ಒನಕೆಯಲ್ಲಿ ಕುಟ್ಟಿದ ಅಕ್ಕಿಯಲ್ಲಿ ತವುಡಿನ ಒಂದಂಶ ಉಳಿಯುತ್ತಿತ್ತು. ಗಿರಣಿ ಅದನ್ನೂ ಉಜ್ಜಿ ತೆಗೆದು ಮಲ್ಲಿಗೆಯಂಥ ಅಕ್ಕಿಯನ್ನು ಕೊಟ್ಟಿತು. ಅದರ ಹಿಂದೆಯೇ ಕಾಲು ಸೋತು ಜನ ಸಾಯುವ ಬೆರಿಬೆರಿ ರೋಗ ಸೈನ್ಯ, ಸೆರೆಮನೆಗಳಲ್ಲಿ ಹಬ್ಬಿತು. ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ನರು 1890ರ ಸುಮಾರಿಗೆ ಬಟಾವಿಯಾದ ತಮ್ಮ ಪ್ರಯೋಗಾಲಯದ ಕೋಳಿಗಳಲ್ಲಿ ಅಂಥದೇ ಲಕ್ಷಣಗಳನ್ನು ಕಂಡರು. ಆಸ್ಪತ್ರೆಯಲ್ಲಿ ಉಳಿದ ಬಿಳಿ ಅನ್ನವನ್ನು ತಿನ್ನುತ್ತಿದ್ದಾಗ ಕೋಳಿಗಳು ಕುಂಟಿದವು. ಹೊಸದಾಗಿ ಬಂದ ಅಡಿಗೆಯವನು 'ಸೈನಿಕರ ಅನ್ನ ಕೋಳಿಗೇಕೆ' ಎಂದು ಅದನ್ನು ನಿಲ್ಲಿಸಿದಾಗ ಚೇತರಿಸಿಕೊಂಡವು. ಆ ಅಡಿಗೆಯವನ ಜಿಪುಣತನ ವಿಜ್ಞಾನಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಐಕ್ಮನ್ನರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಅಲ್ಲಿಂದ ನಮ್ಮ ಸೀಮೆಗೆ ಬರೋಣ. 1918ರಲ್ಲಿ ಕೂನೂರಿನ ಪ್ಯಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿಯ ವಿಚಾರಣೆಗೆಂದು ಪುಟ್ಟ ಪ್ರಯೋಗಾಲಯವೊಂದು ಆರಂಭವಾಯಿತು. ಅದರ ಹೊಣೆ ಹೊತ್ತವರು ರಾಬರ್ಟ್ ಮೆಕ್ಯಾರಿಸನ್. 1878ರಲ್ಲಿ ಐರ್ಲೆಂಡಿನ ಉತ್ತರ ಭಾಗದಲ್ಲಿ ಹುಟ್ಟಿ, ಭಾರತೀಯ ವೈದ್ಯಕೀಯ ಸೇವೆಗೆ ಸೇರಿ, ಯೌವನದ ಏಳೆಂಟು ವರ್ಷಗಳನ್ನು ದೂರದ ಗಿಲ್ಗಿಟ್ ಪರ್ವತಸೀಮೆಯಲ್ಲಿ ಕಳೆದಿದ್ದವರು. ಅಲ್ಲಿನ ಹುಂಜಾ ಜನ ಇಡಿಯ ಧಾನ್ಯ, ಹಣ್ಣು, ಸೊಪ್ಪು, ಹಾಲುಗಳನ್ನುಂಡು ಬಾಳುತ್ತಿದ್ದುದನ್ನೂ, ಹೊಟ್ಟೆಯ ಹುಣ್ಣು, ಕರುಳಿನ ಉರಿಯೂತ ಮೊದಲಾದ ರೋಗಗಳು ತಮ್ಮ ಕಣ್ಣಿಗೆ ಬೀಳದಿದ್ದುದನ್ನೂ ಅವರು ಮರೆತಿರಲಿಲ್ಲ. (ಹುಂಜಾದವರು ನೂರೈವತ್ತು ವರ್ಷ ಬದುಕುತ್ತಾರೆಂಬ ಮುಂದಿನ ದಿನಗಳ ಕಟ್ಟುಕಥೆಗಳಿಗೂ ವೈದ್ಯನೊಬ್ಬನ ಈ ಅವಲೋಕನಕ್ಕೂ ಬಹಳ ಅಂತರವಿದೆ.)

ಬೇರೆಯವರು ಬೆರಿಬೆರಿಯಲ್ಲಿ ನರಗಳನ್ನು ನೋಡುತ್ತಿದ್ದಾಗ ಮೆಕ್ಯಾರಿಸನ್ ಕರುಳನ್ನು ನೋಡಿದರು. ಇದೇ ಅವರ ವಿಶೇಷ. ಅವರು ಪ್ರಯೋಗಕ್ಕೆ ಆರಿಸಿಕೊಂಡದ್ದು ದಕ್ಷಿಣದ ಊರುಗಳಲ್ಲೆಲ್ಲ ಕಾಣುವ ಕಪಿಗಳನ್ನೇ. ಕಾಡಿನಲ್ಲಿ ಚಿಗುರು, ಕಾಯಿ, ಹಣ್ಣು, ಬೀಜಗಳನ್ನು ಇದ್ದ ಹಾಗೆಯೇ ತಿಂದು ಬೆಳೆದ ಪ್ರಾಣಿಗಳವು. ಅವುಗಳಿಗೆ ಅತಿಯಾಗಿ ಕಾಯಿಸಿ ಸತ್ವ ಕೆಡಿಸಿದ ಅಕ್ಕಿಯಂಥ ಕೊರೆಯ ಆಹಾರವನ್ನು ಕೊಟ್ಟು ನೋಡಿದರು. ಮೊದಲು ಹಸಿವು ಹೋಯಿತು, ಆಮೇಲೆ ಭೇದಿ, ಕಡೆಗೆ ರಕ್ತಭೇದಿ. ಸತ್ತ ಕಪಿಗಳ ಕರುಳಿನ ಗೋಡೆ ತೆಳುವಾಗಿ ಉಬ್ಬಿತ್ತು, ದೊಡ್ಡ ಕರುಳು ಉರಿಯೂತದಿಂದ ಕೆಂಪೇರಿತ್ತು. ನರಗಳಲ್ಲಿ ರೋಗ ಸ್ಪಷ್ಟವಾಗಿ ಕಾಣುವ ಮೊದಲೇ ಕರುಳು ಕೆಡುತ್ತದೆ, ಕರುಳು ಕೆಟ್ಟಲ್ಲಿ ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ ಎಂಬುದು ಅವರ ನಿರ್ಣಯ. 1921ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಅವರು ಎತ್ತಿಕೊಂಡ ವಿಷಯವೂ ಇದೇ: ದೋಷಯುಕ್ತ ಆಹಾರ ಮತ್ತು ಜಠರ–ಕರುಳಿನ ಬೇನೆಗಳು. ಆ ಮೂಕಪ್ರಾಣಿಗಳನ್ನು ನೆನೆದರೆ ಮನಸ್ಸು ಕಲಕುತ್ತದೆ. ಆದರೂ ಇಂದು ಕರುಳಿನ ಕುರಿತು ನಾವು ಆಡುವ ಮಾತಿನ ಬೇರು ಆ ಪಂಜರಗಳಲ್ಲಿದೆ.

ಇಂಥ ಕೆಲಸಕ್ಕೆ ಸರ್ಕಾರ ತೋರಿಸಿದ ಗೌರವವನ್ನೂ ಹೇಳಬೇಕು. 1923ರ ಸುಮಾರಿಗೆ ಮಿತವ್ಯಯದ ಹೆಸರಿನಲ್ಲಿ ಇಡೀ ವಿಚಾರಣೆಯನ್ನೇ ನಿಲ್ಲಿಸಲಾಯಿತು! ಎರಡು ವರ್ಷಗಳ ಬಳಿಕ ಮತ್ತೆ ಆರಂಭಿಸಿದರು. ಆ ಒಂದು ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯೆನಿಸಿದೆ.

ಕಪಿಗಳ ನಂತರ ಇಲಿಗಳ ಸರದಿ. ಭಾರತದ ಬೇರೆ ಬೇರೆ ಜನರ ಊಟವನ್ನು ಬೇರೆ ಬೇರೆ ಇಲಿಗುಂಪುಗಳಿಗೆ ಉಣ್ಣಿಸಿ ಬೆಳವಣಿಗೆಯನ್ನು ತೂಗಿ ನೋಡಿದ ಪ್ರಯೋಗವದು. ಸಿಖ್ಖರ ಊಟ, ಪಠಾಣರ ಊಟ, ಮರಾಠರ, ಗೂರ್ಖರ, ಬಂಗಾಳಿಗಳ, ಮದರಾಸಿಗಳ ಊಟ. ಅವುಗಳ ನಡುವೆ ಕನ್ನಡಿಗರ ಊಟವೂ ಇತ್ತು! ಗೋಧಿಯ ಇಡೀ ಹಿಟ್ಟಿನ ಚಪಾತಿ, ಹಾಲು, ಬೆಣ್ಣೆ, ಬೇಳೆ, ತರಕಾರಿಗಳನ್ನು ತಿಂದ ಸಿಖ್ಖ ಇಲಿಗಳು ಎಲ್ಲಕ್ಕಿಂತ ಪುಷ್ಟವಾಗಿ ಬೆಳೆದವು. ಬಿಳಿ ಅಕ್ಕಿಯನ್ನು ನೆಚ್ಚಿದ ಮದರಾಸಿನ ಇಲಿಗಳು ಎಲ್ಲಕ್ಕಿಂತ ಕೃಶವಾದವು. ನಮ್ಮ ಕನ್ನಡದ ಇಲಿಗಳು ಗೂರ್ಖರಿಗಿಂತ ಕೆಳಗೆ, ಮದರಾಸಿಗಿಂತ ಮೇಲೆ ನಿಂತವು. ಇದನ್ನು ಮೊದಲು ಓದಿದಾಗ ನನಗೆ ನಗು ಬಂತು. ಕರಾವಳಿಯ ಕುಚ್ಚಲಕ್ಕಿ ಗಂಜಿ, ಬಡಗಣ ಜೋಳದ ರೊಟ್ಟಿ, ನಮ್ಮ ಕಡೆಯ ಮುದ್ದೆ ಇವನ್ನೆಲ್ಲ 'ಕನ್ನಡಿಗರ ಊಟ' ಎಂಬ ಒಂದೇ ಪಂಜರಕ್ಕೆ ಹೇಗೆ ತುಂಬುವುದು? ಇಂಗ್ಲೆಂಡಿನ ಬಡವರ ಊಟವನ್ನೂ ಅವರು ಬಿಡಲಿಲ್ಲ. ಬಿಳಿಯ ಬ್ರೆಡ್ಡು, ಕೃತಕ ಬೆಣ್ಣೆ, ಸಕ್ಕರೆಯ ಚಹಾ, ಡಬ್ಬಿಯ ಮಾಂಸ, ಬೇಯಿಸಿದ ಕೋಸುಗಳನ್ನು ತಿಂದ ಇಲಿಗಳು ಶ್ವಾಸಕೋಶ ಹಾಗೂ ಕರುಳಿನ ರೋಗಗಳಿಗೆ ತುತ್ತಾದುದಲ್ಲದೆ ಒಂದನ್ನೊಂದು ಕಚ್ಚಿ ತಿನ್ನತೊಡಗಿದವು.

ಈ ಪ್ರಯೋಗವನ್ನು ಇತಿಹಾಸದ ವಿದ್ಯಾರ್ಥಿ ಎಚ್ಚರಿಕೆಯಿಂದ ಓದಬೇಕು. ಜನಾಂಗಗಳನ್ನು ಶೂರರು, ದುರ್ಬಲರು ಎಂದು ವಿಂಗಡಿಸುವ ಬ್ರಿಟಿಷರ ಚಟದ ನೆರಳು ಇದರ ಮೇಲಿದೆ. ಹಾಲು ಬೆಣ್ಣೆಗಳುಳ್ಳದ್ದು ಭೂಮಿಕಾಣಿಯಿದ್ದ ರೈತನ ಊಟ; ಬರಿಯ ಅನ್ನ, ಹುಣಿಸೆನೀರು ಇಲ್ಲದವನ ಊಟ. ತೂಕಕ್ಕಿಟ್ಟದ್ದು ಸಂಪ್ರದಾಯವನ್ನಲ್ಲ, ಬಡತನವನ್ನು ಎಂಬುದು ನನ್ನ ಅಭಿಪ್ರಾಯ. ಮೇಲಾಗಿ, ಸಿಖ್ಖ ಇಲಿಗಳು ಕೊಬ್ಬಿದ್ದು ಗೋಧಿಯ ತವುಡಿನಿಂದಲೋ ಹಾಲಿನಿಂದಲೋ ಎಂದು ಬೇರ್ಪಡಿಸಿ ಹೇಳಲಾಗದು.

ರಾಗಿಯ ಮಾತು ಬಂದಿತು. ಅಕ್ಕಿಯಂತೆ ರಾಗಿಯನ್ನು ಗಿರಣಿಯಲ್ಲಿ ಬೆಳ್ಳಗೆ ಮಾಡಲು ಬರುವುದಿಲ್ಲ. ಅದರ ಸಿಪ್ಪೆ ಒಳಗಿನ ಮೆದುವಾದ ಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ, ಉಜ್ಜ ಹೊರಟರೆ ಕಾಳೇ ಪುಡಿಯಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಬಹುಕಾಲದ ಮೇಲೆ ನೀರು, ಹಬೆಗಳಿಂದ ಕಾಳನ್ನು ಗಟ್ಟಿಮಾಡಿ ಸಿಪ್ಪೆ ತೆಗೆಯುವ ಉಪಾಯ ಕಂಡುಹಿಡಿದರು. ಆದರೆ ಮನೆಮನೆಯ ರಾಗಿ ಇಂದಿಗೂ ಸಿಪ್ಪೆ ಸಹಿತವಾಗಿಯೇ ಹಿಟ್ಟಾಗುತ್ತದೆ. ಹೀಗಾಗಿ ಯಂತ್ರಯುಗ ಬಂದರೂ ಮುದ್ದೆಯುಣ್ಣುವವನ ನಾರು ಅವನ ತಟ್ಟೆಯಲ್ಲೇ ಉಳಿಯಿತು. 2017ರಲ್ಲಿ ಹೈದರಾಬಾದಿನ ಆ ಸಂಸ್ಥೆಯೇ ಪ್ರಕಟಿಸಿದ ಕೋಷ್ಟಕಗಳಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ.

ನಮ್ಮವರು ಇದನ್ನು ಹೆಮ್ಮೆಯ ವಿಷಯವೆಂದು ತಿಳಿದಿರಲಿಲ್ಲ. ಹದಿನಾರನೆಯ ಶತಮಾನದಲ್ಲೇ ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸಿ, ಕೆಡದೆ ಉಳಿದ ರಾಗಿಗೆ ರಾಘವನ ಹೆಸರನ್ನೇ ಕೊಡಿಸಿದರು. ಉಳ್ಳವರ ಧಾನ್ಯ ಯಾವುದು, ಇಲ್ಲದವರ ಧಾನ್ಯ ಯಾವುದು ಎಂಬ ಪ್ರಶ್ನೆ ಆ ಜಗಳದ ಒಳಗಿದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲೂ ಆ ಜಗಳ ಮುಗಿದಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅನ್ನದ ಡಬ್ಬಿಯವರು ಜಗಲಿಯ ಮೇಲೆ ಸಾಲಾಗಿ ಕುಳಿತರೆ, ಬಟ್ಟೆಯಲ್ಲಿ ರಾಗಿರೊಟ್ಟಿ ಕಟ್ಟಿಕೊಂಡು ಬಂದ ಹುಡುಗರು ಹುಣಿಸೆಮರದ ಹಿಂದಕ್ಕೆ ಹೋಗುತ್ತಿದ್ದರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಎರಡೂ ಕಡೆಯವರಿದ್ದೀರಿ, ಮರೆತಿರಲಾರಿರಿ.

ನಮ್ಮ ಮನೆಯಲ್ಲೂ ಹೀಗೆಯೇ. ನನ್ನ ಅಣ್ಣ ಪಟ್ಟಣದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿದ ತಿಂಗಳಿನಿಂದಲೇ ಮುದ್ದೆಯನ್ನು ಬಿಟ್ಟ. ಸಂಬಳದವನು ಮೂರು ಹೊತ್ತೂ ಬಿಳಿ ಅನ್ನ ಉಣ್ಣಬೇಕೆಂಬುದು ಅವನ ಪ್ರತಿಷ್ಠೆಯಾಗಿತ್ತು. ಕಾಳು, ಸೊಪ್ಪುಗಳೂ ಹಳ್ಳಿಯ ವಾಸನೆಯೆಂದು ದೂರವಾದವು. ನಲವತ್ತು ದಾಟುವ ಹೊತ್ತಿಗೆ ದಿನವೂ ಭೇದಿಮದ್ದು ಇಲ್ಲದೆ ಅವನ ಬೆಳಗು ಸಾಗುತ್ತಿರಲಿಲ್ಲ. ಮೂಲವ್ಯಾಧಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಯಿತು. ರಜೆಗೆ ಊರಿಗೆ ಬಂದಾಗ ಅಮ್ಮ ಮಾತಾಡದೆ ಹುರುಳಿಯ ಬಸ್ಸಾರು ಮಾಡಿ ಮುದ್ದೆ ಇಡುತ್ತಿದ್ದಳು. ಅವನು ಅನ್ನವನ್ನೇ ಕೇಳುತ್ತಿದ್ದ. ಅವನ ಕಾಯಿಲೆಗೆಲ್ಲ ಅನ್ನವೇ ಕಾರಣವೆಂದು ನಾನು ಹೇಳಲಾರೆ. ಕುಳಿತು ಮಾಡುವ ಕೆಲಸ, ನೀರು ಕುಡಿಯದ ಅಭ್ಯಾಸ ಎಲ್ಲವೂ ಸೇರಿದ್ದವು. ಆದರೆ ಪಟ್ಟಣ ಸೇರಿದ ಒಂದು ಇಡೀ ತಲೆಮಾರು ತನ್ನ ಕರುಳಿಗೆ ಒಗ್ಗಿದ್ದ ಊಟವನ್ನು ಮಾನಕ್ಕೆ ಅಂಜಿ ಬಿಟ್ಟುಕೊಟ್ಟಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಆಫ್ರಿಕಕ್ಕೆ ಹೋಗಬೇಕು. ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರು, ಅವರೂ ಉತ್ತರ ಐರ್ಲೆಂಡಿನವರೇ, ಉಗಾಂಡದ ಕಂಪಾಲದಲ್ಲಿ ವರ್ಷಗಟ್ಟಲೆ ದುಡಿದು 1966ರಲ್ಲಿ ಇಂಗ್ಲೆಂಡಿಗೆ ಮರಳಿದರು. ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡಿದ್ದ ಅವರಿಗೆ ಉಳಿದ ಕಣ್ಣು ಬಹಳ ಚುರುಕಾಗಿತ್ತು. ಮಲಬದ್ಧತೆ, ಮೂಲವ್ಯಾಧಿ, ಅಪೆಂಡಿಸೈಟಿಸ್, ದೊಡ್ಡ ಕರುಳಿನ ಕ್ಯಾನ್ಸರ್ ಮುಂತಾಗಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ತುಂಬಿದ್ದ ಬೇನೆಗಳು ಉಗಾಂಡದ ಹಳ್ಳಿಗರಲ್ಲಿ ಏಕೆ ಅಪರೂಪ? 1972ರಲ್ಲಿ ಅವರೂ ಸಂಗಡಿಗರೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಉತ್ತರಿಸಿದ ರೀತಿ ಶಿಷ್ಟರಿಗೆ ಮುಜುಗರ ತರುವಂಥದು: ಅವರು ಮಲವನ್ನೇ ತೂಗಿದರು. ಆಫ್ರಿಕದ ಹಳ್ಳಿಗನು ಉಂಡದ್ದು ಸುಮಾರು 35 ಗಂಟೆಗಳಲ್ಲಿ ಹೊರಬೀಳುತ್ತಿತ್ತು. ಇಂಗ್ಲೆಂಡಿನ ನಾವಿಕನಿಗೆ 80 ಗಂಟೆಗಳಿಗೂ ಮಿಕ್ಕಿ ಹಿಡಿಯುತ್ತಿತ್ತು. ತೂಕದಲ್ಲಿ ಹಳ್ಳಿಗನದು ನಾವಿಕನದಕ್ಕಿಂತ ನಾಲ್ಕು ಪಟ್ಟು. ವ್ಯತ್ಯಾಸಕ್ಕೆ ಕಾರಣ ನಾರು ಎಂದರು. ಅಲ್ಲಿಯವರೆಗೆ ವಿದ್ವಾಂಸರು ನಾರನ್ನು ಜೀರ್ಣವಾಗದ ಕಸವೆಂದೇ ಎಣಿಸುತ್ತಿದ್ದರು.

ಉಗಾಂಡದವರು ಉಣ್ಣುತ್ತಿದ್ದುದು ಬಾಳೆಕಾಯಿ, ಗೆಣಸು, ಹುರುಳಿಯಂಥ ಕಾಳುಗಳು, ಮತ್ತು ರಾಗಿ! ನಮ್ಮ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಎಂದು, ಯಾವ ಹಡಗಿನಲ್ಲಿ ಇಲ್ಲಿಗೆ ಬಂದಿತೆಂಬುದು ಇನ್ನೂ ಚರ್ಚೆಯ ವಿಷಯ. ಹಳ್ಳೂರಿನ ಉತ್ಖನನದಲ್ಲಿ ದೊರೆತ ರಾಗಿಯೆಂದು ನಾವು ಓದಿದ್ದ ಕಾಳುಗಳ ಗುರುತನ್ನೂ ವಿದ್ವಾಂಸರು ಪ್ರಶ್ನಿಸಿದ್ದಾರೆ. ಉಗಾಂಡದಲ್ಲಿ ಕುದಿಯುವ ನೀರಿಗೆ ರಾಗಿಹಿಟ್ಟು ಹಾಕಿ ಕೋಲಿನಿಂದ ತಿರುವಿ ಮಾಡುವ ಅಡುಗೆಗೆ 'ಕಾಲೋ' ಎಂದು ಹೆಸರು. ಮಂಡ್ಯದವನು ಅದನ್ನು ನೋಡಿದರೆ ಸಾರೆಲ್ಲಿ ಎಂದು ಕೇಳಿಯಾನು. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ 'ಇಂಡಾಫ್' ತಳಿಗಳನ್ನು ಪಡೆದಾಗ, ಬಹುಕಾಲ ಅಗಲಿದ್ದ ದಾಯಾದಿಗಳು ಮತ್ತೆ ಒಂದಾದಂತಾಯಿತು.

ನಾರು ಒಳಗೆ ಮಾಡುವುದೇನೆಂಬುದು ಬರ್ಕಿಟ್ಟರ ತರುವಾಯ ಇನ್ನಷ್ಟು ತಿಳಿಯಿತು. ನಮ್ಮ ಸಣ್ಣ ಕರುಳು ಅರಗಿಸಲಾರದ ನಾರು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳಿಗೆ ಅದು ಊಟವಾಗುತ್ತದೆ. ಅವು ಅದನ್ನು ಹುದುಗಿಸಿ ಕೆಲವು ಆಮ್ಲಗಳನ್ನು ಹುಟ್ಟಿಸುತ್ತವೆ. ಅವುಗಳಲ್ಲಿ ಬ್ಯುಟಿರಿಕ್ ಆಮ್ಲವೆಂಬುದು ಕರುಳಿನ ಒಳಪೊರೆಯ ಜೀವಕೋಶಗಳಿಗೆ ಮುಖ್ಯ ಆಹಾರ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಮೆರಿಕದ ಇಪ್ಪತ್ತು ಕರಿಯರಿಗೆ ದಕ್ಷಿಣ ಆಫ್ರಿಕದ ಹಳ್ಳಿಯ ಊಟವನ್ನೂ, ಆ ಹಳ್ಳಿಯ ಇಪ್ಪತ್ತು ಮಂದಿಗೆ ಅಮೆರಿಕದ ಊಟವನ್ನೂ ಎರಡೇ ವಾರ ಅದಲುಬದಲು ಮಾಡಿ ಉಣ್ಣಿಸಿದರು. ಅಷ್ಟರಲ್ಲೇ ಮೊದಲಿನವರ ಕರುಳಿನಲ್ಲಿ ಬ್ಯುಟಿರಿಕ್ ಆಮ್ಲ ಹೆಚ್ಚಿ ಉರಿಯೂತದ ಕುರುಹುಗಳು ತಗ್ಗಿದವು. ಎರಡನೆಯವರಲ್ಲಿ ಇದಕ್ಕೆ ತಿರುಗುಮುರುಗಾಯಿತು.

ಎಲ್ಲವೂ ಬರ್ಕಿಟ್ಟರು ಎಣಿಸಿದಷ್ಟು ಸರಳವೆಂದಲ್ಲ. 2000ದ ಇಸವಿಯ ಒಂದು ದೊಡ್ಡ ಪರೀಕ್ಷೆಯಲ್ಲಿ ಗೋಧಿಯ ತವುಡನ್ನು ಬೇರೆಯಾಗಿ ತಿನ್ನಿಸಿದಾಗ ಕರುಳಿನ ಗಂಟುಗಳು ಮರುಕಳಿಸುವುದು ತಪ್ಪಲಿಲ್ಲ. ತವುಡನ್ನು ಮೊದಲು ತೆಗೆದು, ಆಮೇಲೆ ಡಬ್ಬಿಯಲ್ಲಿ ಮಾರಿ ತಿನ್ನಿಸುವುದಕ್ಕೂ ಇಡೀ ಕಾಳನ್ನೇ ಉಣ್ಣುವುದಕ್ಕೂ ಅಂತರವಿದೆಯೆಂದು ನನಗೆ ತೋರುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ದಿನಕ್ಕೆ 25ರಿಂದ 29 ಗ್ರಾಂ ನಾರು ಉಣ್ಣುವವರಿಗೆ ಹೃದ್ರೋಗ, ಮಧುಮೇಹ, ಕರುಳಿನ ಕ್ಯಾನ್ಸರುಗಳ ಭಯ ಕಡಿಮೆಯೆಂದು ಕಂಡರು. ಇನ್ನು 2023ರ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷದ ಗದ್ದಲದಲ್ಲಿ ಕೇಳಿಬಂದ 'ರಾಗಿ ತಿಂದವನಿಗೆ ಸಕ್ಕರೆ ಕಾಯಿಲೆಯೇ ಇಲ್ಲ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನುಣ್ಣನೆಯ ರಾಗಿಹಿಟ್ಟೂ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಜೊತೆಗೆ ಕಾಳು, ಸೊಪ್ಪು ಬೇಕು. ಸಕ್ಕರೆ ಬೆರೆಸಿದ ರಾಗಿ ಬಿಸ್ಕತ್ತನ್ನು ಇಡಿಯ ಧಾನ್ಯವೆನ್ನುವುದಂತೂ ತಮಾಷೆ.

ಪ್ರಶ್ನೆ ಕೇಳಿದವರಿಗೆ ಇಷ್ಟು ಬರೆದು ಕಳಿಸಿದ್ದೇನೆ. ವೈದ್ಯರನ್ನು ಕಂಡು, ರಕ್ತ ಬೀಳುವುದು, ತೂಕ ಇಳಿಯುವುದು ಇಲ್ಲವೆಂದು ಖಚಿತವಾದ ಮೇಲೆ, ವಾರಕ್ಕೆ ಎರಡು ದಿನ ಮುದ್ದೆಯಿಂದ ಆರಂಭಿಸಿ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಒಳಗಿನ ಸೂಕ್ಷ್ಮಜೀವಿಗಳಿಗೂ ಹೊಸ ಊಟ ಒಗ್ಗಲು ಸಮಯ ಬೇಕು. ನೀರು ಹೆಚ್ಚು ಕುಡಿಯಿರಿ. ಹಿಟ್ಟನ್ನು ವಸ್ತ್ರಗಾಳಿಸಬೇಡಿ, ಅದು ಎಳೆಯ ಮಗುವಿನ ಸರಿಗೆ ಸಾಕು. ಮೊಳಕೆಯ ಹುರುಳಿ ಸಿಕ್ಕದಿದ್ದರೆ ಅವರೆಕಾಳಿನ ಸಾರಾದರೂ ಆದೀತು.